ಥೈರಾಯ್ಡ್ ಎಲ್ರಿಗೂ ಗೊತ್ತು, ಅಡ್ರಿನಲ್ ಪಾಪ ಯಾರಿಗೂ ಬೇಡ

ನಮ್ಮ ಸಿದ್ದಾಪುರ ಕಡೆ ನೆಂಟರ ಮನೆಗೆ ಹೋದ್ರೆ ಥೈರಾಯ್ಡ್ ಮಾತ್ರೆ ನುಂಗೋರು ಯಾರಾದ್ರೂ ಇದ್ದೇ ಇರ್ತಾರೆ, ಎಲ್ರ ಗೋಳೂ ಒಂದೇ, ಎದ್ದ ಕೂಡ್ಲೆ ಬೆಲ್ಲದ ಕಾಫಿ ಕುಡಿಯೋ ಹಾಗಿಲ್ಲ. ಕಾಫಿ ಜೊತೆ ಹೋದ್ರೆ ಮಾತ್ರೆ ಮೈಗೆ ಸರಿಯಾಗಿ ಹತ್ತಲ್ಲ, ಅರ್ಧದಿಂದ ಒಂದು ಗಂಟೆ ಕಾಯ್ಬೇಕು. ಕೊಡಗಲ್ಲಿ ಹುಟ್ಟಿದವ್ರಿಗೆ ಇದಕ್ಕಿಂತ ಶಿಕ್ಷೆ ಉಂಟಾ!

ಆದ್ರೆ ಎರಡು ಕಿಡ್ನಿಗಳ ಮೇಲೆ ಒಂದೊಂದು ಕೂತಿರೋ ಅಡ್ರಿನಲ್ ಗ್ರಂಥಿ ಹೆಸರು ಯಾರ ಬಾಯಲ್ಲೂ ಬರಲ್ಲ. ಕುತ್ತಿಗೆಯಲ್ಲಿರೋ ಥೈರಾಯ್ಡ್ ಸುಮಾರು 20 ಗ್ರಾಂ, ಇವು ಒಂದೊಂದು 4-5 ಗ್ರಾಂ ಅಷ್ಟೇ.

ಥೈರಾಯ್ಡ್ ನಿಧಾನದ್ದು. ಮಳೆಗಾಲಕ್ಕೆ ಮೊದ್ಲೇ ಸೌದೆ ಕೂಡಿಡೋ ಅಜ್ಜಿ ತರ ಎರಡು ಮೂರು ತಿಂಗಳಿಗೆ ಆಗೋ ಹಾರ್ಮೋನ್ ಒಳಗೇ ಇಟ್ಕೊಂಡಿರುತ್ತೆ, ರಕ್ತಕ್ಕೆ ಬಿಟ್ಟ ಟಿ4 (ಥೈರಾಕ್ಸಿನ್ ಅನ್ನೋ ಅದರ ಮುಖ್ಯ ಹಾರ್ಮೋನ್) ಅರ್ಧ ಆಗೋಕೇ ಒಂದು ವಾರ ಬೇಕು, ಅದಕ್ಕೇ ಡೋಸ್ ಬದಲಾಯಿಸಿದ್ರೆ ಆರು ವಾರ ಬಿಟ್ಟು ಟಿಎಸ್‌ಎಚ್ ರಕ್ತ ಪರೀಕ್ಷೆ ಮಾಡ್ಸಿ ಅನ್ನೋದು. ಅಡ್ರಿನಲ್ ಹಾಗಲ್ಲ, ತೋಟದ ತಿರುವಲ್ಲಿ ಒಂಟಿ ಸಲಗ ಎದುರಾದ್ರೆ ನರದಿಂದ ನೇರ ಸಿಗ್ನಲ್ ಹೋಗಿ ಅದರ ಒಳಭಾಗ ಸೆಕೆಂಡಲ್ಲಿ ಅಡ್ರಿನಲಿನ್ ಸುರಿಯುತ್ತೆ, ಎದೆ ಡವಡವ, ಬಾಯಿ ಒಣಗಿ, ಕಾಲು ತಾನಾಗೇ ಓಡುತ್ತೆ. ಆ ಅಡ್ರಿನಲಿನ್ ರಕ್ತದಲ್ಲಿ ಉಳಿಯೋದು ಕೆಲವೇ ನಿಮಿಷ. ಅಡ್ರಿನಲ್ ಹೊರಪದರದ್ದು ಕಾರ್ಟಿಸಾಲ್ ಅನ್ನೋ ಹಾರ್ಮೋನ್, ಬೆಳಗಿನ ಜಾವ ಜಾಸ್ತಿ, ರಾತ್ರಿ ಕಮ್ಮಿ, ಅದಕ್ಕೆ ಸ್ಟಾಕ್ ಅನ್ನೋದೇ ಇಲ್ಲ, ಬೇಕಾದಾಗ ಬೇಕಾದಷ್ಟು ತಯಾರಿ.

ಥೈರಾಯ್ಡ್‌ಗೂ ಈ ಹೊರಪದರಕ್ಕೂ ಮೇಸ್ತ್ರಿ ಮಾತ್ರ ಒಬ್ಬನೇ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ. ಇನ್ನೊಂದು ಮಜಾ ಅಂದ್ರೆ 1914ರಲ್ಲಿ ಥೈರಾಕ್ಸಿನ್ ಬೇರ್ಪಡಿಸಿದ ಅಮೆರಿಕದ ಎಡ್ವರ್ಡ್ ಕೆಂಡಾಲ್‌ಗೇ 1950ರಲ್ಲಿ ಅಡ್ರಿನಲ್ ಹಾರ್ಮೋನ್ ಕೆಲಸಕ್ಕೆ ನೊಬೆಲ್ ಬಂತು, ಇನ್ನಿಬ್ರ ಜೊತೆ.

ನಂಗೆ ಅಡ್ರಿನಲ್ ಬಗ್ಗೆ ಜನ ಸ್ವಲ್ಪ ತಿಳ್ಕೊಳ್ಳಲಿ ಅನ್ಸೋದು ಸ್ಟೀರಾಯ್ಡ್ ಮಾತ್ರೆ ವಿಷಯಕ್ಕೆ, ಅದು ಕಾರ್ಟಿಸಾಲ್ ತರದ್ದೇ ಔಷಧಿ. ಥೈರಾಯ್ಡ್ ಮಾತ್ರೆ ಒಂದಿನ ಮರೆತ್ರೆ ಆಕಾಶ ಬೀಳಲ್ಲ. ಗಂಟು ನೋವಿಗೋ ಉಬ್ಬಸಕ್ಕೋ ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗಿದವ್ರ ಅಡ್ರಿನಲ್ ಮಾತ್ರ ಕೆಲಸ ಬಿಟ್ಟು ಕೂತಿರುತ್ತೆ, ವಾಸಿ ಆಯ್ತು ಅಂತ ತಟ್ಟನೆ ನಿಲ್ಸಿದ್ರೆ ಬಿಪಿ ಬಿದ್ದು ಜೀವಕ್ಕೇ ಬರಬಹುದು. ಡಾಕ್ಟ್ರನ್ನ ಕೇಳಿ ಸ್ವಲ್ಪ ಸ್ವಲ್ಪ ಇಳಿಸ್ಬೇಕು, ಸಂತೆ ದಿನ ಮೆಡಿಕಲಲ್ಲಿ ಹಳೇ ಚೀಟಿ ತೋರ್ಸಿ ತಗೊಳ್ಳೋರಂತೂ ಇದನ್ನ ಎರಡು ಸಲ ಓದಿ.