ದಾವಣಗೆರೆಯಿಂದ ಟೇಫ್‌ಗೆ: ಮೊದಲು ಹೆಸರು ಮತ್ತು ಹಣದ ಕಾಗದ ಸರಿಮಾಡಿಕೊಳ್ಳಿ

ಆಸ್ಟ್ರೇಲಿಯಾದ ಟೇಫ್ ಕಾಲೇಜಿನಲ್ಲಿ ಓದಲು ಹೊರಟವರು ಮೊದಲು ಒಂದು ಕೆಲಸ ಮಾಡಿ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪಿಯುಸಿ ಅಥವಾ ಐಟಿಐ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್, ಈ ನಾಲ್ಕನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿ. ಚಿತ್ರದುರ್ಗದ ಕಡೆ ಮನೆಮನೆಗೂ ಒಬ್ಬ ತಿಪ್ಪೇಸ್ವಾಮಿ ಇರುತ್ತಾನೆ. ಒಂದು ಕಾಗದದಲ್ಲಿ ‘ಟಿ’ ಆದಮೇಲೆ ‘ಎಚ್’ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಅಂಕಪಟ್ಟಿಯಲ್ಲಿ ‘ತಿಪ್ಪೇಸ್ವಾಮಿ ಜಿ. ಒ.’ ಎಂದಿದ್ದದ್ದು ಆಧಾರ್‌ನಲ್ಲಿ ಬರೀ ‘ತಿಪ್ಪೇಸ್ವಾಮಿ’ ಆಗಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರು, ಅಪ್ಪನ ಹೆಸರು ಸೇರಿ ಮಾರುದ್ದ ಬೆಳೆದಿರುತ್ತದೆ. ಊರಲ್ಲಿ ಇದರಿಂದ ಯಾವ ಕೆಲಸವೂ ನಿಂತಿರಲಿಕ್ಕಿಲ್ಲ. ಆಸ್ಟ್ರೇಲಿಯಾದ ವೀಸಾ ಅಧಿಕಾರಿಗೆ ಮಾತ್ರ ಇವು ಮೂರು ಬೇರೆ ಬೇರೆ ಹೆಸರುಗಳು.

ಆಸ್ಟ್ರೇಲಿಯಾದಲ್ಲಿ ಸರ್ಕಾರಿ ವೃತ್ತಿಶಿಕ್ಷಣ ಕಾಲೇಜುಗಳನ್ನು ಟೇಫ್ ಎನ್ನುತ್ತಾರೆ. ಅಡುಗೆ, ವಾಹನ ದುರಸ್ತಿ, ಮಕ್ಕಳ ಪಾಲನೆ, ನರ್ಸಿಂಗ್ ಮುಂತಾದವುಗಳಲ್ಲಿ ಸರ್ಟಿಫಿಕೇಟ್ 3ರಿಂದ ಅಡ್ವಾನ್ಸ್ಡ್ ಡಿಪ್ಲೊಮಾವರೆಗೆ ಕೋರ್ಸುಗಳಿವೆ. ನಮ್ಮ ಊರಿನವರು ಹೆಚ್ಚು ತಲೆಕೆಡಿಸಿಕೊಳ್ಳುವುದು ಪರ್ಸೆಂಟ್ ಬಗ್ಗೆ. ಆದರೆ ಹೆಚ್ಚಿನ ಡಿಪ್ಲೊಮಾಗಳಿಗೆ ಪಿಯುಸಿ ಪಾಸಾಗಿದ್ದು 18 ತುಂಬಿದ್ದರೆ ಬಾಗಿಲು ತೆರೆದೇ ಇದೆ. ಕಡತ ಬೀಳುವುದು ಹೆಸರಿನಲ್ಲಿ, ಇಲ್ಲವೇ ಹಣದಲ್ಲಿ.

ಹೆಸರಿನ ತಿದ್ದುಪಡಿಗೆ ಆಧಾರ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೇ. ತಪ್ಪು ಅಲ್ಲೇ ಇದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು. ಇದಕ್ಕೆ ತಿಂಗಳುಗಳೇ ಹಿಡಿಯಬಹುದು, ಹಾಗಾಗಿ ಮೊದಲು ಇದನ್ನೇ ಹಿಡಿಯಿರಿ. ಇನಿಷಿಯಲ್ ಬಿಡಿಸಿದ್ದರಿಂದಷ್ಟೇ ವ್ಯತ್ಯಾಸ ಬಂದಿದ್ದರೆ, ಇಬ್ಬರೂ ಒಬ್ಬರೇ ಎಂಬ ನೋಟರಿ ಅಫಿಡವಿಟ್ ಸಾಮಾನ್ಯವಾಗಿ ಸಾಕಾಗುತ್ತದೆ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವವರು ನಮ್ಮಲ್ಲಿ ತುಂಬಾ ಜನ. ವೀಸಾ ಅರ್ಜಿಯಲ್ಲಿ ಅಂಥವರ ಪೂರ್ತಿ ಹೆಸರು ಫ್ಯಾಮಿಲಿ ನೇಮ್ ಜಾಗಕ್ಕೆ ಹೋಗುತ್ತದೆ. ಅದನ್ನು ತಾವಾಗಿಯೇ ಎರಡು ತುಂಡು ಮಾಡಬೇಡಿ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ನೋಂದಣಿಯೂ ಪಾಸ್‌ಪೋರ್ಟ್‌ನಲ್ಲಿರುವ ಹಾಗೆಯೇ ಇರಲಿ.

ಇಂಗ್ಲಿಷ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವೀಸಾಕ್ಕೆ ಐಇಎಲ್‌ಟಿಎಸ್ ಒಟ್ಟು 6.0 ಬೇಕು. ಜೊತೆಗೆ 10 ವಾರದ ಇಂಗ್ಲಿಷ್ ಕೋರ್ಸ್ ಸೇರಿಸಿಕೊಂಡರೆ 5.5, 20 ವಾರದ್ದಾದರೆ 5.0 ನಡೆಯುತ್ತದೆ. ಮನೆಯಲ್ಲಿ ಕೂತು ಬರೆಯುವ ಆನ್‌ಲೈನ್ ಪರೀಕ್ಷೆ ವೀಸಾಕ್ಕೆ ನಡೆಯುವುದಿಲ್ಲ. ಕಾಲೇಜಿನ ಅಳತೆ ವೀಸಾದ ಅಳತೆಗಿಂತ ಮೇಲಿರಬಹುದು. ನರ್ಸಿಂಗ್‌ನಲ್ಲಿ ಇನ್ನೊಂದು ಮೆಟ್ಟಿಲಿದೆ: ಮುಂದೆ ನರ್ಸ್ ಎಂದು ನೋಂದಣಿಯಾಗಲು ಒಟ್ಟು 7 ಬೇಕು. ಸೇರುವ ಮೊದಲೇ ಆ 7ರ ಲೆಕ್ಕ ಹಾಕಿಕೊಳ್ಳಿ.

ಕೋರ್ಸ್ ಆರಿಸುವಾಗ ಕ್ರೈಕಾಸ್ ಪಟ್ಟಿಯಲ್ಲಿ ಅದರ ಕೋಡ್ ಹುಡುಕಿ. ವಿದೇಶಿ ವಿದ್ಯಾರ್ಥಿಗಳಿಗೆ ಕಲಿಸಲು ಸರ್ಕಾರದ ಅನುಮತಿ ಇರುವ ಕಾಲೇಜು, ಕೋರ್ಸುಗಳ ಸಾರ್ವಜನಿಕ ಪಟ್ಟಿ ಅದು. ಕೋಡ್ ಪಕ್ಕದಲ್ಲಿ ಕೋರ್ಸಿನ ಅವಧಿ ವಾರಗಳಲ್ಲಿ ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಓದು ಮುಗಿದ ಮೇಲೆ 18 ತಿಂಗಳವರೆಗೆ ಸಿಗುವ ಕೆಲಸದ ವೀಸಾಕ್ಕೆ ಕನಿಷ್ಠ 92 ವಾರಗಳ ನೋಂದಾಯಿತ ಓದು ಬೇಕು, ವಯಸ್ಸು 35 ಮೀರಿರಬಾರದು, ಓದಿದ್ದು ಕೌಶಲ್ಯ ಪಟ್ಟಿಯ ಉದ್ಯೋಗಕ್ಕೆ ಹೊಂದಬೇಕು. ಒಂದು ವರ್ಷದ ಕೋರ್ಸ್ ಒಂದನ್ನೇ ಮುಗಿಸಿ ಈ ವೀಸಾ ಕೇಳುವಂತಿಲ್ಲ. ವೃದ್ಧರ ಆರೈಕೆಯ ಸರ್ಟಿಫಿಕೇಟ್ 3ರಲ್ಲಿ 120 ಗಂಟೆ, ಮಕ್ಕಳ ಪಾಲನೆಯ ಡಿಪ್ಲೊಮಾದಲ್ಲಿ 280 ಗಂಟೆ ಕೆಲಸದ ಜಾಗದಲ್ಲೇ ತರಬೇತಿ ಕಡ್ಡಾಯ. ಅದಕ್ಕೆ ಪೊಲೀಸ್ ಪರಿಶೀಲನೆ, ಲಸಿಕೆ ದಾಖಲೆ ಕೇಳುತ್ತಾರೆ. ಚಿಕ್ಕಂದಿನ ಲಸಿಕೆ ಕಾರ್ಡ್ ಮನೆಯಲ್ಲಿ ಎಲ್ಲಿದೆ ಎಂದು ಈಗಲೇ ಹುಡುಕಿಸಿ.

‘ಮೊದಲು ಡಿಗ್ರಿ ವೀಸಾದಲ್ಲಿ ಬಾ, ಆಮೇಲೆ ಫೀಸು ಕಡಿಮೆ ಇರುವ ಕುಕರಿ (ಅಡುಗೆ) ಕೋರ್ಸಿಗೆ ಬದಲಾಯಿಸೋಣ’ ಎನ್ನುವವರ ಮಾತು ಕೇಳಬೇಡಿ. ವೀಸಾದ 8202ನೇ ಷರತ್ತಿನಂತೆ ಬಂದ ಮಟ್ಟದಲ್ಲೇ ಅಥವಾ ಅದಕ್ಕಿಂತ ಮೇಲೆ ಓದಬೇಕು, ಕೆಳಗಿಳಿದರೆ ವೀಸಾ ರದ್ದಾಗಬಹುದು.

ಆಫರ್ ಲೆಟರ್ ಬಂದ ಮೇಲೆ ಮುಂಗಡ ಫೀಸು ಕಟ್ಟಿದರೆ ದಾಖಲಾತಿ ದೃಢೀಕರಣ, ಅಂದರೆ ಸಿಒಇ ಬರುತ್ತದೆ. 25 ವಾರಕ್ಕಿಂತ ಉದ್ದದ ಕೋರ್ಸಿಗೆ, ಪಾಠ ಶುರುವಾಗುವ ಮೊದಲೇ ಅರ್ಧಕ್ಕಿಂತ ಹೆಚ್ಚು ಫೀಸು ಕಟ್ಟಲೇಬೇಕೆಂದು ಕಾಲೇಜು ಒತ್ತಾಯಿಸುವಂತಿಲ್ಲ. ಆರೋಗ್ಯ ವಿಮೆ ಆಸ್ಟ್ರೇಲಿಯಾಕ್ಕೆ ಕಾಲಿಡುವ ದಿನದಿಂದಲೇ ಇರಬೇಕು. ತರಗತಿ ಶುರುವಾಗುವ ದಿನದಿಂದ ಮಾಡಿಸಿ, ಎರಡು ವಾರ ಮೊದಲೇ ವಿಮಾನ ಹತ್ತುವ ತಪ್ಪು ಸಾಮಾನ್ಯ.

ಇನ್ನು ಹಣ. 2024ರ ಮೇ 10ರಿಂದ ಒಬ್ಬರ ಒಂದು ವರ್ಷದ ಜೀವನ ಖರ್ಚಿಗೆ 29,710 ಆಸ್ಟ್ರೇಲಿಯನ್ ಡಾಲರ್ ತೋರಿಸಬೇಕು. ಡಾಲರಿಗೆ 60 ರೂಪಾಯಿ ಎಂದಿಟ್ಟುಕೊಂಡರೆ ಅದೇ ಸುಮಾರು 17 ಲಕ್ಷ 82 ಸಾವಿರ. ಮೊದಲ ವರ್ಷದ ಫೀಸು, ಪ್ರಯಾಣದ ಖರ್ಚು ಇದರ ಮೇಲೆ. ವೀಸಾ ಶುಲ್ಕ 2025ರ ಜುಲೈ 1ರಿಂದ 2,000 ಡಾಲರ್. ವೀಸಾ ಸಿಗದಿದ್ದರೂ ಅದು ವಾಪಸ್ ಬರುವುದಿಲ್ಲ. ಕಾಲೇಜಿಗೆ ಕಟ್ಟಿದ ಫೀಸು ಮಾತ್ರ, ವೀಸಾ ನಿರಾಕರಣೆಯಾದರೆ, ಶೇ 5 ಅಥವಾ 500 ಡಾಲರ್, ಎರಡರಲ್ಲಿ ಕಡಿಮೆಯಾದುದನ್ನು ಹಿಡಿದುಕೊಂಡು ಹಿಂದಿರುಗುತ್ತದೆ.

ಚನ್ನಗಿರಿ, ಹೊನ್ನಾಳಿ, ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರರ ಮನೆಯಲ್ಲಿ ಇಷ್ಟು ಹಣ ಇಲ್ಲವೆಂದಲ್ಲ. ಅದು ಬಂದ ದಾರಿ ಕಾಗದದಲ್ಲಿ ಇರುವುದಿಲ್ಲ. ಐದು ಎಕರೆ ತೋಟದ ಪಹಣಿ ಆಸ್ತಿಗೆ ಸಾಕ್ಷಿ, ಕೈಗೆ ಸಿಗುವ ಹಣಕ್ಕಲ್ಲ. ಅಧಿಕಾರಿ ನೋಡುವುದು ಒಂದು ಸರಪಳಿ: ಪಹಣಿಯ ಬೆಳೆ ಕಾಲಂನಲ್ಲಿ ಅಡಿಕೆ, ಮಂಡಿ ಅಥವಾ ಸೊಸೈಟಿ ಕೊಟ್ಟ ಮಾರಾಟದ ಪಟ್ಟಿಯಲ್ಲಿ ಎಷ್ಟು ಕ್ವಿಂಟಲ್ ರಾಶಿ ಅಡಿಕೆ, ಏನು ದರ, ಆಮೇಲೆ ಪಾಸ್‌ಬುಕ್‌ನಲ್ಲಿ ಅದೇ ಮೊತ್ತದ ಜಮೆ. ನಗದು ತೆಗೆದುಕೊಂಡಿದ್ದರೆ ಮೂರನೇ ಕೊಂಡಿ ಕಳಚಿತು. ಈ ಸುಗ್ಗಿಯಿಂದಲೇ ಹಣವನ್ನು ಖಾತೆಗೆ ಹಾಕಿಸಿಕೊಳ್ಳಿ, ಪಟ್ಟಿಗಳನ್ನು ಜೋಪಾನ ಮಾಡಿ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಆದರೂ ರಿಟರ್ನ್ ಸಲ್ಲಿಸುವವರು ಅದರಲ್ಲಿ ಕೃಷಿ ಆದಾಯವನ್ನು ತೋರಿಸಿ. ಮೆಕ್ಕೆಜೋಳದವರಿಗೂ ಇದೇ ಮಾತು.

ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದ್ದರೆ ಆ ಆದಾಯ ಅಪ್ಪನದೆಂದು ಹೇಳಲು ಆಧಾರವಿಲ್ಲ. ಪೌತಿ ಖಾತೆ ಮಾಡಿಸಿ, ಅದಾಗುವವರೆಗೆ ವಂಶವೃಕ್ಷವನ್ನಾದರೂ ಜೊತೆಗಿಡಿ. ಕನ್ನಡದ ಕಾಗದಗಳಿಗೆಲ್ಲ ಇಂಗ್ಲಿಷ್ ಅನುವಾದ ಬೇಕು. ಭಾರತದಲ್ಲಿ ಮಾಡಿಸಿದರೆ ಅನುವಾದಕರ ಪೂರ್ಣ ಹೆಸರು, ವಿಳಾಸ, ಫೋನ್, ಭಾಷೆಯಲ್ಲಿನ ಅರ್ಹತೆ, ಅನುಭವ ಅದರಲ್ಲೇ ಬರೆದಿರಬೇಕು.

ಶಿಕ್ಷಣ ಸಾಲಕ್ಕೆ ಹೋಗುವವರಿಗೆ ಒಂದು ಮಾತು: ಕೃಷಿ ಜಮೀನನ್ನು ಅಡಮಾನವಾಗಿ ಒಪ್ಪದ ಬ್ಯಾಂಕುಗಳೇ ಹೆಚ್ಚು. ಹಳ್ಳಿಯ ಮನೆ ಇಡುವುದಾದರೆ ಇ-ಸ್ವತ್ತು ನಮೂನೆ ಮೊದಲು ಮಾಡಿಸಿಕೊಳ್ಳಿ. ‘ಒಂದು ತಿಂಗಳು ಖಾತೆಯಲ್ಲಿ ಹಣ ಇಟ್ಟು ತೋರಿಸಿಕೊಡ್ತೀವಿ’ ಎನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ. ನಕಲಿ ದಾಖಲೆ, ಸುಳ್ಳು ಮಾಹಿತಿ ಸಿಕ್ಕಿಬಿದ್ದರೆ 3 ವರ್ಷ, ಗುರುತನ್ನೇ ಮರೆಮಾಚಿದರೆ 10 ವರ್ಷ ವೀಸಾಕ್ಕೆ ತಡೆ ಬೀಳುತ್ತದೆ. ಅನುಭವಿಸುವವರು ಮಗ, ಮಗಳು.

ವೀಸಾ ಅರ್ಜಿಯಲ್ಲಿ ‘ನಿಜವಾದ ವಿದ್ಯಾರ್ಥಿ’ ಎಂಬ ಭಾಗಕ್ಕೆ ಇಂಗ್ಲಿಷಿನಲ್ಲಿ ಉತ್ತರ ಬರೆಯಬೇಕು, ಒಂದೊಂದಕ್ಕೆ 150 ಪದಗಳ ಮಿತಿ. ಏಜೆಂಟ್ ಕೊಟ್ಟ ಉತ್ತರದಲ್ಲಿ ಹವಾಮಾನ, ವಿಶ್ವದರ್ಜೆ ಶಿಕ್ಷಣ ಎಂದೆಲ್ಲ ಇರುತ್ತದೆ, ನಿಮ್ಮ ಬಗ್ಗೆ ಏನೂ ಇರುವುದಿಲ್ಲ. ಮನೆಯವರು ಬೆಣ್ಣೆದೋಸೆ ಹೋಟೆಲ್ ನಡೆಸುತ್ತಿದ್ದರೆ, ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಹಂಚು ಉರಿಯುತ್ತವೆ, ಕಮರ್ಷಿಯಲ್ ಕುಕರಿ ಕಲಿತು ಅಲ್ಲಿ ಏನು ಬದಲಿಸುತ್ತೀರಿ ಎಂದು ಬರೆಯಿರಿ. ಬಿಇ ಮುಗಿಸಿ ಸರ್ಟಿಫಿಕೇಟ್ 3ಕ್ಕೆ ಬರುವವರು ಕೆಳಮಟ್ಟದ ಓದು ಏಕೆ ಎಂಬುದಕ್ಕೆ ನೇರ ಉತ್ತರ ಕೊಡಲೇಬೇಕು.

ಅರ್ಜಿ ಹಾಕಿದ ಮೇಲೆ ಬಯೊಮೆಟ್ರಿಕ್, ಅಂದರೆ ಬೆರಳಚ್ಚು, ಫೋಟೊ ಕೊಡಲು ಪತ್ರ ಬರುತ್ತದೆ, ವೈದ್ಯಕೀಯ ಪರೀಕ್ಷೆಗೆ ಎಚ್‌ಎಪಿ ಸಂಖ್ಯೆ ಸಿಗುತ್ತದೆ. ಎರಡೂ ಕೈಗೆ ಬಂದ ಮೇಲೆ ಒಂದೇ ದಿನದ ಸಮಯ ತೆಗೆದುಕೊಂಡರೆ ಬೆಂಗಳೂರಿಗೆ ಒಂದೇ ಸಲ ಹೋಗಿಬರಬಹುದು. ಅಸಲು ಪಾಸ್‌ಪೋರ್ಟ್ ಮರೆಯಬೇಡಿ. ಆ ವಾರ ಕೈಗೆ ಮೆಹಂದಿ ಬೇಡ, ಲೇತ್ ಅಥವಾ ತೋಟದ ಕೆಲಸದಲ್ಲಿ ಬೆರಳು ಕೊಯ್ದುಕೊಂಡಿದ್ದರೆ ಗಾಯ ಮಾಯುವವರೆಗೆ ದಿನ ಮುಂದೂಡಿ.