ನಿಮ್ಮನೇಲಿ ಯಾರಾದ್ರೂ ಮಿಲಿಟ್ರಿಯಲ್ಲಿದ್ರಾ?

ಇಲ್ಲ. ಯಾರೂ ಇರಲಿಲ್ಲ. ಅಪ್ಪ ಟೊಮೆಟೊ ಬೆಳೆಯುತ್ತಾರೆ. ತಾತ ರೇಷ್ಮೆ ಹುಳ ಸಾಕುತ್ತಿದ್ದರು. ಅವರಪ್ಪನ ಕಾಲದವರೆಗೂ ಹುಡುಕಿದರೂ ನಮ್ಮ ಮನೆತನದಲ್ಲಿ ಬಂದೂಕು ಹಿಡಿದವರು ಒಬ್ಬರೂ ಸಿಗುವುದಿಲ್ಲ.

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಂದು ಸಲ ಬರೆದಿಟ್ಟುಬಿಡುತ್ತೇನೆ. ನಾನು ಕೋಲಾರದಲ್ಲಿ ಇತಿಹಾಸದಲ್ಲಿ ಎಂಎ ಓದುತ್ತಿದ್ದೇನೆ. ಯುದ್ಧಕ್ಕೆ ಹೋದ ಸಿಪಾಯಿ ಅಲ್ಲಿ ಹೇಗಿದ್ದ, ಏನು ಉಂಡ, ಮನೆಗೆ ಏನು ಬರೆದ ಅನ್ನುವುದು ನನ್ನ ಆಸಕ್ತಿ. ಇಷ್ಟು ಹೇಳಿದರೆ ಸಾಕು, ಮುಳಬಾಗಿಲು ಬಸ್ಸಿನಲ್ಲಿ ಪಕ್ಕ ಕೂತವರಿಂದ ಹಿಡಿದು ಮದುವೆ ಮನೆಯ ದೊಡ್ಡಮ್ಮನವರೆಗೆ ಎಲ್ಲರದ್ದೂ ಇದೇ ಪ್ರಶ್ನೆ. ಇಲ್ಲ ಅಂದ ಕೂಡಲೇ ಮುಖ ಸಪ್ಪಗಾಗುತ್ತದೆ. "ಮತ್ತೆ ನಿಂಗ್ಯಾಕಮ್ಮ ಅದೆಲ್ಲಾ?"

ಆ "ಮತ್ತೆ ನಿಂಗ್ಯಾಕೆ" ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನನ್ನ ಗೆಳತಿ ನರ್ಸಿಂಗ್ ಓದುತ್ತಾಳೆ. ನಿಮ್ಮನೇಲಿ ಯಾರಿಗೆ ಕಾಯಿಲೆ ಅಂತ ಅವಳನ್ನು ಯಾರೂ ಕೇಳಿಲ್ಲ. ನನಗೆ ಮಾತ್ರ ಯಾಕೆ ರಕ್ತಸಂಬಂಧದ ಸಾಕ್ಷಿ ಬೇಕು?

ಇದು ಶುರುವಾಗಿದ್ದು ಬಸ್ಸಿನಲ್ಲಿ. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ ಪ್ರಯಾಣ. ಕಿಟಕಿ ಸೀಟು ಸಿಕ್ಕಿದರೆ ಮೊಬೈಲಿನಲ್ಲಿ ಪಿಡಿಎಫ್ ಓದುತ್ತೇನೆ. ಹಾಗೆ ಓದುವಾಗ ಮೊದಲ ಮಹಾಯುದ್ಧದ ಕಾಗದಗಳು ಸಿಕ್ಕಿದವು. 1914ರಲ್ಲಿ ನಮ್ಮ ದೇಶದ ಸಿಪಾಯಿಗಳನ್ನು ಹಡಗಿನಲ್ಲಿ ಫ್ರಾನ್ಸ್‌ಗೆ ಕರೆದುಕೊಂಡು ಹೋದರು. ಅವರು ಊರಿಗೆ ಬರೆದ ಕಾಗದಗಳನ್ನು ಬ್ರಿಟಿಷ್ ಸರ್ಕಾರ ಫ್ರಾನ್ಸಿನ ಬೂಲೋನ್ ಎಂಬ ಊರಿನ ಕಚೇರಿಯಲ್ಲಿ ಒಡೆದು ಓದುತ್ತಿತ್ತು. ಸಿಪಾಯಿಗಳ ಮನಸ್ಸು ಕೆಟ್ಟಿದೆಯಾ, ತಿರುಗಿ ಬೀಳುತ್ತಾರಾ ಅನ್ನೋ ಭಯ. ಮುಖ್ಯ ಅನ್ನಿಸಿದ ಸಾಲುಗಳನ್ನು ಇಂಗ್ಲಿಷಿಗೆ ತಿರುಗಿಸಿ ವರದಿಯಲ್ಲಿ ಸೇರಿಸುತ್ತಿದ್ದರು. ಮೂಲ ಕಾಗದಗಳಲ್ಲಿ ಬಹುಪಾಲು ಈಗಿಲ್ಲ. ಆ ವರದಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ನಂಬಿಕೆ ಇಲ್ಲದೆ ಒಡೆದು ಓದಿದರಲ್ಲ, ಅದರಿಂದಲೇ ಅವರ ಮಾತು ಉಳಿಯಿತು. ಇದು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ.

ಸುಮಾರು ಜನ ಸಿಪಾಯಿಗಳಿಗೆ ಓದು ಬರಹ ಬರುತ್ತಿರಲಿಲ್ಲ. ಬರೆಯಲು ಒಬ್ಬ ಬೇಕು, ಊರಲ್ಲಿ ಓದಿ ಹೇಳಲು ಇನ್ನೊಬ್ಬ ಬೇಕು. ನಡುವೆ ಅಧಿಕಾರಿಯ ಕಣ್ಣು. ಹೆಂಡತಿಗೆ ಒಂದು ಮಾತು ಹೇಳಬೇಕೆಂದರೆ ಇಷ್ಟು ಜನರ ಮುಂದೆ ಹೇಳಬೇಕು. ಅದಕ್ಕೇ ಗುಟ್ಟಿನ ಮಾತು ಕಟ್ಟಿಕೊಂಡರು. ಕರಿಮೆಣಸು ಅಂದರೆ ನಮ್ಮವರು, ಕೆಂಪು ಮೆಣಸು ಅಂದರೆ ಬಿಳಿಯ ಸಿಪಾಯಿಗಳು. ಕರಿಮೆಣಸು ಖಾಲಿಯಾಗುತ್ತಿದೆ ಅಂತ ಬರೆದರೆ ಊರಲ್ಲಿರುವವರಿಗೆ ಅರ್ಥವಾಗಬೇಕು. ನಾನು ಇದನ್ನು ನಮ್ಮಜ್ಜಿಗೆ ಹೇಳಿದೆ. ಅಜ್ಜಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಕೈ ನಿಂತಿತು. "ಅಯ್ಯೋ, ಅಷ್ಟು ಜನ ಸತ್ತೋದ್ರಾ?" ಅಂದರು. ನಾನು ಇನ್ನೂ ವಿವರಿಸಿಯೇ ಇರಲಿಲ್ಲ.

ಸ್ವಲ್ಪ ಗೊತ್ತಿರುವವರು ಹೈಫಾ ಹೆಸರು ಎತ್ತುತ್ತಾರೆ, ಈಗಿನ ಇಸ್ರೇಲಿನಲ್ಲಿರುವ ಬಂದರು ಊರು ಅದು. ನನಗೂ ಹೆಮ್ಮೆ ಇದೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್, ಅಂದರೆ ಮೈಸೂರು ಸಂಸ್ಥಾನದ ಕುದುರೆ ಪಡೆ, ಮತ್ತು ಜೋಧಪುರದ ಸವಾರರು ಮೆಷಿನ್ ಗನ್ನುಗಳಿಗೆ ಎದುರಾಗಿ ಕುದುರೆ ಓಡಿಸಿ ಆ ಊರನ್ನು ಗೆದ್ದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಮೂರ್ತಿಯಾಗಿ ನಿಂತಿರುವ ಮೂವರು ಸಿಪಾಯಿಗಳಲ್ಲಿ ಒಬ್ಬ ಮೈಸೂರಿನವನು. ಆದರೆ ಮೈಸೂರಿನವರು ಇದ್ದದ್ದು ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ. ಬೂಲೋನಿನಲ್ಲಿ ಒಡೆಯುತ್ತಿದ್ದದ್ದು ಫ್ರಾನ್ಸಿನ ಟಪಾಲು. ಹಾಗಾಗಿ ಆ ಕಟ್ಟುಗಳಲ್ಲಿ ನಮ್ಮ ಸವಾರನ ದನಿ ಕೇಳುವುದಿಲ್ಲ. ಮೂರ್ತಿ ಇದೆ, ಮಾತಿಲ್ಲ.

ನಮ್ಮ ಕೆರೆ ಕಟ್ಟೆಯ ವೀರಗಲ್ಲಿನದೂ ಇದೇ ಕಥೆ. ಕೆಳಗಡೆ ವೀರ ಬಿಲ್ಲು ಎಳೆದಿದ್ದಾನೆ, ಹಿಂದೆ ದನಗಳು. ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಕೂತಿದ್ದಾನೆ. ಕೋಲಾರ ಸೀಮೆಯಲ್ಲಿ ಇಂಥ ಕಲ್ಲುಗಳು ಜಾಸ್ತಿ. ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟ ತೆಗೆದರೆ ತುರುಗೊಳ್ ಕಾಳಗದಲ್ಲಿ, ಅಂದರೆ ದನ ಬಿಡಿಸಿಕೊಳ್ಳುವ ಜಗಳದಲ್ಲಿ, ಸತ್ತವರು ಎಷ್ಟೋ ಜನ ಸಿಗುತ್ತಾರೆ. ಸತ್ತವನ ಮನೆಯವರಿಗೆ ಭೂಮಿ ಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ಈ ಪದ ಮೊದಲ ಸಲ ಓದಿದ ದಿನ ನಾನು ಊಟ ಮಾಡಲಿಲ್ಲ. ಆ ಹೊಲವನ್ನು ಉತ್ತವರು ಯಾರು? ಉಳುವಾಗ ಏನು ಅನ್ನಿಸಿರಬಹುದು?

ಹೋದ ವರ್ಷ ಆಗಸ್ಟ್ 15ಕ್ಕೆ ಆದ ಒಂದು ವಿಷಯ ಹೇಳಲೇಬೇಕು. ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಹವಾಲ್ದಾರ್ ಇದ್ದಾರೆ. ನಾನು ತಾತ ಅಂತಲೇ ಕರೆಯುವುದು. ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವರು, 1971ರ ಪಾಕಿಸ್ತಾನ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿದ್ದರು. ಒಂದು ಶಾಲೆಯವರು ಅತಿಥಿಯಾಗಿ ಕರೆದರು. ಅವರು ಬೇಡ ಅಂದರು. ಒಪ್ಪಿಸಿ ಕರೆದುಕೊಂಡು ಹೋದವಳು ನಾನೇ. ಪೇಟ ಕಟ್ಟಿದರು, ಶಾಲು ಹೊದಿಸಿದರು. ಆಮೇಲೆ ಮೈಕ್ ಹಿಡಿದ ಒಬ್ಬರು, ಮಕ್ಕಳಲ್ಲ, ದೊಡ್ಡವರು, ನಗುತ್ತಾ ಕೇಳಿದರು. "ಸಾರ್, ಎಷ್ಟು ಜನರನ್ನ ಹೊಡೆದ್ರಿ ಹೇಳಿ, ಮಕ್ಕಳು ಕೇಳಲಿ." ಎಲ್ಲರೂ ಚಪ್ಪಾಳೆ ತಟ್ಟಿದರು.

ತಾತ ಶಾಲನ್ನು ಮಡಿಸತೊಡಗಿದರು. ಎರಡು ಮಡಿಕೆ, ನಾಲ್ಕು ಮಡಿಕೆ, ಅಂಚಿಗೆ ಅಂಚು ಸೇರಿಸಿ. "ಚೆನ್ನಾಗಿ ಓದಿ ಮಕ್ಕಳೇ" ಅಂತ ಹೇಳಿ ಕೂತುಬಿಟ್ಟರು. ಬರುವಾಗ ಆಟೋದಲ್ಲಿ ಒಂದು ಮಾತೂ ಆಡಲಿಲ್ಲ. ನನಗೆ ಅಳು ಬಂತು.

ಹಾಗಾಗಿ ಮನೆಯಲ್ಲಿ ಯಾರಿದ್ದರು ಅಂತ ಕೇಳುವವರೇ, ದಯವಿಟ್ಟು ಇನ್ನೊಂದು ಪ್ರಶ್ನೆ ಕೇಳಿ. ಯುದ್ಧ ನೋಡಿ ಬಂದವರ ಹತ್ತಿರ ಏನಂತ ಮಾತು ಶುರು ಮಾಡಬೇಕು ಅಂತ ಕೇಳಿ. ಅದಕ್ಕೆ ನನ್ನ ಹತ್ತಿರ ಉತ್ತರ ಇದೆ. ಮೂರು ತಿಂಗಳು ತಡೆದು, ಒಂದು ದಿನ ತಾತನ ಮನೆ ಅಂಗಳದಲ್ಲಿ ರಾಗಿ ಒಣಗಿಸಲು ಹರಡುವಾಗ ಸುಮ್ನೆ ಕೇಳಿದೆ. "ತಾತ, ಅಲ್ಲಿ ನಿಮ್ಮ ಕೈಗೆ ದಿನಾ ಏನು ಕೆಲಸ ಇರ್ತಿತ್ತು?"

ಅವರು ಪೊರಕೆಯಿಂದ ಒಂದು ಕಡ್ಡಿ ಕಿತ್ತುಕೊಂಡು ರಾಗಿಯ ಮುಂದೆ ಮಂಡಿಯೂರಿದರು. "ನೆಲದೊಳಗೆ ಮೈನ್ ಇರ್ತದೆ. ನೆಟ್ಟಗೆ ಚುಚ್ಚಬಾರ್ದು. ಮೇಲಿಂದ ಒತ್ತಡ ಬಿದ್ರೆ ಸಿಡೀತದೆ. ಹಿಂಗೆ, ಓರೆಯಾಗಿ." ಕಡ್ಡಿ ರಾಗಿಯೊಳಗೆ ಮೆಲ್ಲಗೆ ಇಳಿಯಿತು. ತೆಗೆದು ಎರಡು ಬೆರಳು ಪಕ್ಕಕ್ಕೆ ಇಟ್ಟರು. ಮತ್ತೆ ಚುಚ್ಚಿದರು. ಮತ್ತೆ ಎರಡು ಬೆರಳು. ಗಟ್ಟಿ ಏನಾದರೂ ತಗುಲಿದರೆ ಅಲ್ಲೇ ನಿಲ್ಲಬೇಕು, ಕೈಯಲ್ಲಿ ಮಣ್ಣು ಬಿಡಿಸಬೇಕು. ಕಲ್ಲೂ ಇರಬಹುದು. ಎಪ್ಪತ್ತೇಳು ವರ್ಷದ ಆ ಕೈ ಒಂಚೂರೂ ನಡುಗಲಿಲ್ಲ. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ, ಎದುರಿಗಿದ್ದದ್ದು ಬರೀ ರಾಗಿ.

ಅಷ್ಟರಲ್ಲಿ ಅವರ ಮನೆಯ ಅಜ್ಜಿ ಬಾಗಿಲಿಗೆ ಬಂದು ನಿಂತಿದ್ದರು. ಪುಸ್ತಕದ ಪ್ರಕಾರ ಆ ಯುದ್ಧ ಡಿಸೆಂಬರ್ 3ಕ್ಕೆ ಶುರುವಾಗಿ ಎರಡು ವಾರದಲ್ಲಿ ಮುಗಿಯಿತು. ಆದರೆ ಗುಂಡು ನಿಂತರೂ ಮೈನ್ ನೆಲದಲ್ಲೇ ಇರುತ್ತದೆ. ತೆಗೆಯುವವರು ಅಲ್ಲೇ ಉಳಿಯುತ್ತಾರೆ. ಅಜ್ಜಿಗೆ ಕಾಗದ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಮೇಷ್ಟ್ರು ಓದಿ ಹೇಳಿದರಂತೆ, ಕ್ಷೇಮ ಅಂತ ಅಷ್ಟೇ ಇತ್ತಂತೆ.

"ನೀವು ಆಗ ಏನು ಮಾಡ್ತಿದ್ರಿ ಅಜ್ಜಿ?" ಅಂದೆ.

ಅವರು ತಾತನ ಕಡೆ ಒಮ್ಮೆ ನೋಡಿದರು. "ಅವರೆಕಾಯಿ ಕಾಲ ಅಲ್ವಾ. ಇಡೀ ಊರು ಹಿದುಕಿದ ಬೇಳೆ ಸಾರು ಮಾಡ್ತಿತ್ತು. ಇವರಿಗೆ ಅದಂದ್ರೆ ಪ್ರಾಣ. ಆ ವರ್ಷ ನಾನು ಒಂದು ದಿನಾನೂ ಮಾಡಲಿಲ್ಲ ಕಣಮ್ಮ."

ತಾತ ಕಡ್ಡಿ ಕೆಳಗಿಟ್ಟರು. ಐವತ್ತು ವರ್ಷದಲ್ಲಿ ಇದು ಅವರಿಗೂ ಗೊತ್ತಿರಲಿಲ್ಲ. ಕಾಗದಗಳು ಟ್ರಂಕಿನಲ್ಲಿ ಇವೆಯಂತೆ. ಈ ಭಾನುವಾರ ತೆಗೆದು ತೋರಿಸುತ್ತೇನೆ ಅಂದಿದ್ದಾರೆ ಅಜ್ಜಿ.