ಯಾವ ಲೋಟದ ನೀರು

ಆಗಸ್ಟ್ 3, 2025, ಭಾನುವಾರ
ದೆಹಲಿ

ತಮ್ಮನ ಕಣ್ಣು ಇವತ್ತು ಸ್ವಲ್ಪ ಬೆಳ್ಳಗಾಗಿದೆ. ಬೆಳಗ್ಗೆ ಕಿಟಕಿ ಹತ್ತಿರ ನಿಲ್ಲಿಸಿ, ರೆಪ್ಪೆ ಎಳೆದು ನೋಡಿದೆ. ಮೂರು ವಾರದ ಹಿಂದೆ ಹಲಸಿನ ತೊಳೆಯ ಬಣ್ಣ ಇತ್ತು. ರಕ್ತದ ರಿಪೋರ್ಟ್‌ನಲ್ಲಿ ಹೆಪಟೈಟಿಸ್ ಇ ಅಂತ ಬಂತು, ಕೊಳಕು ನೀರಿನಿಂದ ಲಿವರ್‌ಗೆ ತಗಲುವ ವೈರಸ್ಸು. ಎ, ಬಿ ಕೇಳಿದ್ದೆ. ಇ ಕೂಡ ಇದೆ ಅಂತ ಗೊತ್ತಾಗಿದ್ದೇ ಅವತ್ತು.

ತೀರ್ಥಹಳ್ಳಿಯಿಂದ ಅಮ್ಮನ ಫೋನು ದಿನಕ್ಕೆ ಎರಡು ಸಲ. "ಕಾಮಾಲೆಗೆ ಇಂಗ್ಲಿಷ್ ಮದ್ದಿಲ್ಲ ಕಣೇ, ನೆಲನೆಲ್ಲಿ ಅರೆದು ಮಜ್ಜಿಗೇಲಿ ಕೊಡು." ಮದ್ದಿಲ್ಲ ಅನ್ನೋದೇನೋ ನಿಜ. ಡಾಕ್ಟರೂ ರೆಸ್ಟ್ ತಗೊಳ್ಳಿ, ಕಂಡ ಕಂಡ ಮಾತ್ರೆ ನುಂಗಬೇಡಿ ಅಂದರು, ಅಷ್ಟೇ. ಹೆಚ್ಚಿನವರಿಗೆ ಕೆಲವು ವಾರದಲ್ಲಿ ತಾನಾಗೇ ವಾಸಿಯಾಗುತ್ತದೆ. ಅಷ್ಟರಲ್ಲಿ ಯಾರು ಏನು ಕೊಟ್ಟಿದ್ದರೋ ಅವರಿಗೆ ಹೆಸರು! ಅಮ್ಮನಿಗೆ ಇದನ್ನು ಹೇಳಲಿಲ್ಲ, ಸುಮ್ನೆ ಜಗಳ.

ಎಲ್ಲಿಂದ ಬಂತು ಅಂತ ಹುಡುಕೋದೇ ಕಷ್ಟ. ವೈರಸ್ಸು ಹೊಟ್ಟೆಗೆ ಹೋಗಿ ಐದಾರು ವಾರ, ಕೆಲವೊಮ್ಮೆ ಹತ್ತು ವಾರ ಸುಮ್ಮನಿರುತ್ತದೆ. ಲೆಕ್ಕ ಹಾಕಿದರೆ ಜೂನ್ ಮೊದಲ ವಾರದ ಆಸುಪಾಸು. ಆಗ ಯಾವ ಲೋಟದಲ್ಲಿ ನೀರು ಕುಡಿದ ಅಂತ ಯಾರಿಗೆ ನೆನಪಿರುತ್ತೆ? ನನಗೆ ಅನುಮಾನ ನಮ್ಮ ನಲ್ಲಿ ಮೇಲೆಯೇ. ಬೇಸಿಗೆಯಲ್ಲಿ ನೀರು ದಿನಕ್ಕೆ ಒಂದು ಗಂಟೆ. ನಮ್ಮ ಬೀದಿಯ ಪೈಪು ಚರಂಡಿಯೊಳಗೇ ಹಾದು ಬರುತ್ತದೆ, ಒಂದು ಕಡೆ ಸೈಕಲ್ ಟ್ಯೂಬ್ ಬೇರೆ ಸುತ್ತಿದ್ದಾರೆ. ಎಲ್ಲರೂ ನೇರ ಲೈನಿಗೇ ಮೋಟಾರ್ ಹಾಕಿದರೆ ಬಿರುಕಿನಿಂದ ಚರಂಡಿ ನೀರನ್ನೂ ಎಳೆದುಕೊಳ್ಳುತ್ತದೆ. ನಾವೂ ಹಾಕಿದ್ದೇವೆ.

ಇದೇ ಊರಿನಲ್ಲಿ 1955ರ ಕೊನೆಗೆ ಯಮುನೆ ಹರಿವು ಬದಲಿಸಿ, ನಜಫ್‌ಗಢ ನಾಲೆಯ ಕೊಳಚೆ ವಜೀರಾಬಾದಿನಲ್ಲಿ ಕುಡಿಯುವ ನೀರು ಎತ್ತುವ ಜಾಗಕ್ಕೇ ಬಂದುಬಿಟ್ಟಿತ್ತು. ಕ್ಲೋರಿನ್ ಜಾಸ್ತಿ ಹಾಕಿದರು. ಟೈಫಾಯ್ಡ್ ಏರಲಿಲ್ಲ. ಆದರೆ ಸುಮಾರು 29,000 ಜನಕ್ಕೆ ಕಾಮಾಲೆ ಬಂತು. ಅದು ಹೆಪಟೈಟಿಸ್ ಎ ಅಲ್ಲ ಅಂತ ಖಚಿತವಾಗಿದ್ದು 1980ರಲ್ಲಿ, ಎತ್ತಿಟ್ಟಿದ್ದ ರಕ್ತ ಪರೀಕ್ಷೆ ಮಾಡಿದಾಗ. ಹೆಪಟೈಟಿಸ್ ಇ ವೈರಸ್ಸು ಕಣ್ಣಿಗೆ ಬಿದ್ದದ್ದು 1983ರಲ್ಲಿ. ಮಿಖಾಯಿಲ್ ಬಲಯಾನ್ ಅನ್ನೋ ಸೋವಿಯತ್ ವಿಜ್ಞಾನಿ ರೋಗಿಗಳ ಮಲದಿಂದ ತೆಗೆದದ್ದನ್ನು ತಾನೇ ಕುಡಿದು ಕಾಮಾಲೆ ಬರಿಸಿಕೊಂಡ. ಅಮ್ಮನಿಗೆ ಹೇಳಿದರೆ, "ಅವನಿಗೆ ಹೆಂಡತಿ ಇರಲಿಲ್ವಾ?" ಅಂದಳು.

ನನ್ನ ನಗು ನಿಂತದ್ದು ಕಾಶ್ಮೀರದ ಕಥೆ ಓದಿದಾಗ. 1978ರಲ್ಲಿ ಅಲ್ಲಿ ಊರೂರೇ ಮಲಗಿತು. ಬಸುರಿಯರೇ ಹೆಚ್ಚು ಸಾಯುತ್ತಿದ್ದುದನ್ನು ಡಾ. ಮೊಹಮ್ಮದ್ ಸುಲ್ತಾನ್ ಖುರೂ ಗಮನಿಸಿದರು. ಕೊನೆಯ ಮೂರು ತಿಂಗಳಲ್ಲಿ ಈ ರೋಗ ಬಂದರೆ ನೂರರಲ್ಲಿ 20ರಿಂದ 25 ಹೆಂಗಸರು ಸಾಯಬಹುದು. ನನ್ನ ತಮ್ಮನಿಗೆ ಮೂರು ವಾರದ ರಜೆ, ಅವರಿಗೆ ಇದು.

ಕೆಳಮನೆಯ ಬಿಹಾರದ ಹುಡುಗಿಗೆ ಈಗ ಏಳು ತಿಂಗಳು. ಅವಳದ್ದೂ ಇದೇ ಪೈಪು.

ಲಸಿಕೆ ಇಲ್ಲದೇ ಇಲ್ಲ. ಚೀನಾದಲ್ಲಿ 2011ರಲ್ಲೇ ಒಪ್ಪಿಗೆ ಸಿಕ್ಕಿತು. 2022ರಲ್ಲಿ ದಕ್ಷಿಣ ಸುಡಾನಿನ ಬೆಂಟಿಯು ನಿರಾಶ್ರಿತರ ಶಿಬಿರದಲ್ಲಿ ಗರ್ಭಿಣಿಯರಿಗೂ ಕೊಟ್ಟರು. ಮೂಲೆಯ ಮೆಡಿಕಲ್ ಶಾಪಿನವನನ್ನು ಕೇಳಿದೆ. "ಹೆಪಟೈಟಿಸ್ ಬಿದು ಇದೆ, ಕೊಡ್ಲಾ?" ಅಂದ.

ಸಂಜೆ ಅವಳ ಮನೆಗೆ ಹೋಗಿ ನೀರು ಚೆನ್ನಾಗಿ ಕುದಿಸಿ ಕುಡಿ ಅಂದೆ. ತಲೆ ಆಡಿಸಿದಳು. ಆಮೇಲೆ ಸಿಲಿಂಡರ್ ಕಡೆ ನೋಡಿ, "ದೀದಿ, ಎಷ್ಟು ಹೊತ್ತು?" ಅಂತ ಕೇಳಿದಳು. ನಾಳೆಯಿಂದ ನಮ್ಮ ದೊಡ್ಡ ಪಾತ್ರೆಯಲ್ಲೇ ಅವಳಿಗೂ ಸೇರಿಸಿ ಕಾಯಿಸೋದು ಅಂತ ಮಾತಾಯಿತು. ಆ ಪಾತ್ರೆ ಅಟ್ಟದ ಮೇಲಿದೆ, ಈಗ ಇಳಿಸಬೇಕು.